ಅಸ್ತ್ರ: ಹಳ್ಳಿಯ ಒಲೆಯನ್ನು ಅಳೆದ ವಿಜ್ಞಾನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕವೊಂದು ಶುರುವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಕೂಡಿಸಿದ ಹೆಸರಿದು. ವಿದ್ಯುದ್ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಇದನ್ನು ಕಟ್ಟಿದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಬೆನ್ನಿಗೆ ನಿಂತರು. ಅದೇ ವರ್ಷಗಳಲ್ಲಿ ಧವನ್ ದೇಶದ ಬಾಹ್ಯಾಕಾಶ ಕಾರ್ಯಕ್ರಮದ ಚುಕ್ಕಾಣಿಯನ್ನೂ ಹಿಡಿದಿದ್ದರು. 1975ರಲ್ಲಿ ಆರ್ಯಭಟ ಉಪಗ್ರಹ ಮೇಲೇರಿತು. ಉಪಗ್ರಹದ ಲೆಕ್ಕ ನೋಡುತ್ತಿದ್ದವರೇ ಸಗಣಿ, ಸೌದೆ, ಮಣ್ಣಿನ ಗೋಡೆಗಳ ಸಂಶೋಧನೆಗೂ ಜಾಗ ಮಾಡಿಕೊಟ್ಟರು. ಸಂಸ್ಥೆಯೊಳಗೆ ಎಲ್ಲರಿಗೂ ಇದು ರುಚಿಸಲಿಲ್ಲ. ಒಲೆಯ ಮೇಲೆ ಬರೆದ ಪ್ರಬಂಧವನ್ನು ವಿಜ್ಞಾನವೆಂದು ಒಪ್ಪುವುದು ಹೇಗೆ ಎಂಬ ಅನುಮಾನ ಅಸ್ತ್ರದ ಬೆನ್ನು ಬಿಡಲಿಲ್ಲ.

ವಿಜ್ಞಾನ ಸಂಸ್ಥೆಗೆ ಹೊರಗಿನ ನಂಟು ಹೊಸದೇನಲ್ಲ. ಜಮ್‌ಶೆಟ್‌ಜಿ ಟಾಟಾ ಅವರ ಕನಸಿನಂತೆ, ಮೈಸೂರು ಅರಮನೆ ಕೊಟ್ಟ ಜಮೀನಿನಲ್ಲಿ 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೊದಲ ತಲೆಮಾರಿನ ರಸಾಯನ ವಿಜ್ಞಾನಿಗಳು ಗಂಧದೆಣ್ಣೆ ಇಳಿಸುವ ಕ್ರಮವನ್ನು ಇಲ್ಲಿಯೇ ಪರೀಕ್ಷಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತಾಗ ಆ ಕೆಲಸವೇ ಮೈಸೂರು ಸರ್ಕಾರದ ಗಂಧದೆಣ್ಣೆ ಕಾರ್ಖಾನೆಗೆ ತಳಹದಿಯಾಯಿತು. ಹಾಗಾಗಿ ಕಾರ್ಖಾನೆಯ ದಾರಿ ಸಂಸ್ಥೆಗೆ ಚೆನ್ನಾಗಿಯೇ ಗೊತ್ತಿತ್ತು. ಹಳ್ಳಿಯ ದಾರಿ ಮಾತ್ರ ಗೊತ್ತಿರಲಿಲ್ಲ.

ಆ ದಾರಿಯನ್ನು ಸಮಾಜವಿಜ್ಞಾನಿಗಳು ಆಗಲೇ ತುಳಿದಿದ್ದರು. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು, ‘ರಾಮಪುರ’ ಎಂಬ ಬದಲಿ ಹೆಸರಿಟ್ಟು ಅದರ ಜಾತಿ, ಬೇಸಾಯ, ಜಗಳ, ಹಬ್ಬಗಳನ್ನು ದಾಖಲಿಸಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಅವರ ಪುಸ್ತಕ 1976ರಲ್ಲಿ ಹೊರಬಂತು. 1950ರ ದಶಕದ ನಡುವಿನಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಹೋಲಿಸಿದರು. ನಾಲೆ ನೀರು ಬಂದ ಊರು ಬೇಸಾಯಕ್ಕೇ ಅಂಟಿಕೊಂಡು ಹಳೆಯ ಸಂಬಂಧಗಳನ್ನು ಉಳಿಸಿಕೊಂಡಿತು, ನೀರು ಬಾರದ ಪಕ್ಕದ ಊರು ಗಿರಣಿ, ಗಾಡಿ, ನೌಕರಿ ಎಂದು ಹೊರಗೆ ಕೈಚಾಚಿ ಹೆಚ್ಚು ಬದಲಾಯಿತು ಎಂಬುದು ಅವರು ಕಂಡದ್ದು. ಇದು ಎಂಜಿನಿಯರುಗಳು ಓದಬೇಕಿದ್ದ ಪಾಠ. ಒಂದೇ ನಾಲೆ ಎರಡು ಊರುಗಳಲ್ಲಿ ಎರಡು ಬಗೆಯ ಫಲ ಕೊಟ್ಟಿತ್ತು. 1972ರಲ್ಲಿ ವಿ. ಕೆ. ಆರ್. ವಿ. ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ತೆರೆದ ಮೇಲೆ ಇಂಥ ಅಧ್ಯಯನಗಳಿಗೆ ಊರಲ್ಲೇ ಒಂದು ನೆಲೆಯಾಯಿತು. ಆದರೂ ಹಳ್ಳಿಯನ್ನು ನೋಡುವವರು ಏನನ್ನೂ ಕಟ್ಟುತ್ತಿರಲಿಲ್ಲ, ಕಟ್ಟುವವರು ಹಳ್ಳಿಯನ್ನು ನೋಡುತ್ತಿರಲಿಲ್ಲ. ಅಸ್ತ್ರ ತಲೆಹಾಕಿದ್ದು ಈ ನಡುವಿನ ಜಾಗದಲ್ಲಿ.

ರೆಡ್ಡಿ 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಜಾನ್ ಬಾಕ್ರಿಸ್ ಜೊತೆ ಬರೆದ ವಿದ್ಯುದ್ರಸಾಯನಶಾಸ್ತ್ರದ ಪಠ್ಯ 1970ರಲ್ಲಿ ಬಂದು ಅವರಿಗೆ ಲೋಕದ ತುಂಬ ಹೆಸರು ತಂದಿತ್ತು. ಅಲ್ಲಿಯೇ ನೆಮ್ಮದಿಯಾಗಿ ಉಳಿಯಬಹುದಿತ್ತು. ತಂತ್ರಜ್ಞಾನ ತಾನು ಹುಟ್ಟಿದ ಸಮಾಜದ ಗುಣವನ್ನು ಹೊತ್ತೇ ಬರುತ್ತದೆ, ಬಂಡವಾಳ ಹೆಚ್ಚಿದ್ದು ಆಳು ಕಡಿಮೆಯಿರುವ ದೇಶದ ಯಂತ್ರವನ್ನು ಇಲ್ಲಿಗೆ ತಂದರೆ ಆ ದೇಶದ ಏರುಪೇರುಗಳನ್ನೂ ತಂದಂತೆ ಎಂಬ ವಾದವನ್ನು ಅವರು 1970ರ ದಶಕದ ಮೊದಲಲ್ಲಿ ಮುಂದಿಟ್ಟರು. 1973ರ ತೈಲ ಬಿಕ್ಕಟ್ಟು ಈ ವಾದಕ್ಕೆ ಕಿವಿಗಳನ್ನು ಒದಗಿಸಿತು.

ಅವರ ಒಂದು ಹೋಲಿಕೆ ಆಗ ಬಹಳ ಚರ್ಚೆಯಾಯಿತು. ವರ್ಷಕ್ಕೆ 2,30,000 ಟನ್ ಸಾರಜನಕ ಕೊಡುವ ಕಲ್ಲಿದ್ದಲು ಆಧಾರಿತ ರಸಗೊಬ್ಬರ ಕಾರ್ಖಾನೆ ಒಂದು ಕಡೆ, ಅಷ್ಟೇ ಸಾರಜನಕ ಕೊಡುವ ಊರಮಟ್ಟದ 26,150 ಗೋಬರ್ ಗ್ಯಾಸ್ ಸ್ಥಾವರಗಳು ಇನ್ನೊಂದು ಕಡೆ. ಕಾರ್ಖಾನೆಗೆ 120 ಕೋಟಿ ರೂಪಾಯಿ ಬೇಕು, ಅದರಲ್ಲಿ ಅರ್ಧ ವಿದೇಶಿ ವಿನಿಮಯ. ಸ್ಥಾವರಗಳಿಗೆ 107 ಕೋಟಿ, ವಿದೇಶಿ ಹಣ ಬೇಡವೇ ಬೇಡ. ಕಾರ್ಖಾನೆಯಲ್ಲಿ ಸಾವಿರ ಜನಕ್ಕೆ ಕೆಲಸ, ಸ್ಥಾವರಗಳಲ್ಲಿ 1,30,750 ಜನಕ್ಕೆ. ಕಾರ್ಖಾನೆ ಶಕ್ತಿಯನ್ನು ತಿನ್ನುತ್ತದೆ, ಸ್ಥಾವರಗಳು ಶಕ್ತಿಯನ್ನು ಕೊಡುತ್ತವೆ. ಲೆಕ್ಕ ಚೊಕ್ಕವಾಗಿತ್ತು, ಆದರೆ ಕಾಗದದ ಮೇಲಿನದು. ಒಂದು ಊರಿನ ಸಗಣಿಯೆಲ್ಲ ಒಂದೇ ತೊಟ್ಟಿಗೆ ಬಂದು ಬೀಳುತ್ತದೆಯೇ ಎಂಬುದಕ್ಕೆ ಕಾಗದದಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಲು ಒಂದು ಊರು ಬೇಕಿತ್ತು. ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರ ತನ್ನ ವಿಸ್ತರಣಾ ಕೇಂದ್ರ ತೆರೆಯಿತು. 1975ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇಂಥ ಕೆಲಸಗಳಿಗೆ ಸರ್ಕಾರದ ಕಡೆಯಿಂದ ಕೊಂಡಿಯಾಯಿತು. ರಾಜ್ಯಮಟ್ಟದಲ್ಲಿ ಇಂಥ ಮಂಡಳಿ ದೇಶದಲ್ಲಿ ಅದೇ ಮೊದಲು. ಅದರ ಮೊದಲ ಕಾರ್ಯದರ್ಶಿಯೂ ರೆಡ್ಡಿಯವರೇ.

ಯಂತ್ರ ಕೂರಿಸುವ ಮೊದಲು ಅಳೆಯುವ ಕೆಲಸ ನಡೆಯಿತು. ಅಸ್ತ್ರದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲವೆಂದರೂ ತಪ್ಪಾಗದು. ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ಯಾರು ತರುತ್ತಾರೆ, ಎಷ್ಟು ಹೊತ್ತು ನಡೆಯುತ್ತಾರೆ, ಎತ್ತು ವರ್ಷಕ್ಕೆ ಎಷ್ಟು ದಿನ ದುಡಿಯುತ್ತದೆ, ಸೀಮೆಎಣ್ಣೆ ಎಷ್ಟು, ಕರೆಂಟು ಎಷ್ಟು ಎಂದು ಲೆಕ್ಕ ಹಾಕಲಾಯಿತು. ಎನ್. ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು ಇದನ್ನು 1980ರ ದಶಕದ ಮೊದಲಲ್ಲಿ ಪ್ರಕಟಿಸಿದರು. ದೆಹಲಿಯ ಯೋಜನಾ ಕಡತಗಳಲ್ಲಿ ‘ಶಕ್ತಿ’ ಎಂದರೆ ಕಲ್ಲಿದ್ದಲು, ಪೆಟ್ರೋಲಿಯಂ, ವಿದ್ಯುತ್ತು. ಕುಣಿಗಲ್ಲಿನ ಹಳ್ಳಿಗಳಲ್ಲಿ ಕಂಡ ಚಿತ್ರವೇ ಬೇರೆ.

ಆರರಲ್ಲಿ ಒಂದಾದ ಪುರ ಐವತ್ತಾರು ಮನೆಗಳ, ಸುಮಾರು 350 ಜನರ ಊರು. ಅಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸೌದೆಯದು. ಉಳಿದದ್ದರಲ್ಲಿ ಮನುಷ್ಯರ ಮತ್ತು ಎತ್ತುಗಳ ದುಡಿಮೆಗೆ ದೊಡ್ಡ ಪಾಲು. ಕರೆಂಟಿನದು ನೂರಕ್ಕೆ ಒಂದೂ ಇಲ್ಲ. ಬಳಕೆಯ ಕಡೆಯಿಂದ ನೋಡಿದರೆ ಹತ್ತರಲ್ಲಿ ಒಂಬತ್ತು ಪಾಲಿನ ಹತ್ತಿರ ಮನೆಯೊಳಗೇ, ಅಂದರೆ ಅಡುಗೆಗೆ ಮತ್ತು ನೀರು ಕಾಯಿಸುವುದಕ್ಕೆ ಹೋಗುತ್ತಿತ್ತು. ಬೇಸಾಯಕ್ಕೆ, ಸಾಗಣೆಗೆ ಸಂದದ್ದು ಚಿಲ್ಲರೆ. ಇನ್ನು ದುಡಿಮೆಯ ಗಂಟೆಗಳನ್ನು ಕೂಡಿದಾಗ ಹೆಂಗಸರ ಪಾಲೇ ದೊಡ್ಡದಾಗಿತ್ತು. ಸೌದೆ, ನೀರು, ಒಲೆ ಮೂರೂ ಅವರವೇ. ಮಕ್ಕಳ ದುಡಿಮೆಯೂ ಕಡೆಗಣಿಸುವಷ್ಟು ಸಣ್ಣದಿರಲಿಲ್ಲ. ದನ ಮೇಯಿಸುವುದು, ಪುಳ್ಳೆ ಆರಿಸುವುದು ಅವರ ಪಾಲಿನ ಕೆಲಸ. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಯನ್ನು ಬೈಯುವ ಮೊದಲು ಆ ಮನೆಯ ಶಕ್ತಿಯ ಲೆಕ್ಕ ನೋಡಬೇಕು ಎಂಬ ತಿಳಿವಳಿಕೆ ಬಂದದ್ದು ಶಿಕ್ಷಣಶಾಸ್ತ್ರದಿಂದಲ್ಲ, ಸೌದೆಯ ಹೊರೆ ತೂಗಿದ್ದರಿಂದ.

ಇನ್ನೊಂದು ನಂಬಿಕೆಯೂ ಅಲುಗಿತು. ಹಳ್ಳಿಯವರ ಒಲೆಯೇ ಕಾಡನ್ನು ನುಂಗುತ್ತಿದೆ ಎಂಬುದು ಆ ಕಾಲದ ಸಾಮಾನ್ಯ ಮಾತು. ಪುರದಂಥ ಊರುಗಳಲ್ಲಿ ಉರಿಯುತ್ತಿದ್ದುದು ಬಹುಪಾಲು ಬೇಲಿ, ಹೊಲದಂಚುಗಳಿಂದ ಆರಿಸಿ ತಂದ ಪುಳ್ಳೆ, ಕಡ್ಡಿ, ಒಣರೆಂಬೆ. ಮರ ಕಡಿದು ತಂದ ಕೊರಡಲ್ಲ. ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿ 1983ರಲ್ಲಿ ಪ್ರಕಟಿಸಿದ ಬೆಂಗಳೂರಿನ ಸೌದೆ ಕುರಿತ ಅಧ್ಯಯನ ಇದರ ಇನ್ನೊಂದು ಮುಖ ತೋರಿಸಿತು. ನಗರದ ಡಿಪೊಗಳಿಗೆ ಲಾರಿಗಳಲ್ಲಿ ಬಂದು ಇಳಿಯುತ್ತಿದ್ದದ್ದು ಕಡಿದ ಮರವೇ. ಅದನ್ನು ಕೊಂಡು ಉರಿಸುತ್ತಿದ್ದವರಲ್ಲಿ ಬಡವರೇ ಹೆಚ್ಚು. ಅನುಕೂಲಸ್ಥರು ಸಬ್ಸಿಡಿ ಪಡೆದ ಅನಿಲದ ಒಲೆಗೆ ಆಗಲೇ ಏರಿದ್ದರು.

ಅಳತೆ ಮುಗಿದ ಮೇಲೆ ಗೋಬರ್ ಗ್ಯಾಸಿನ ಸರದಿ. ಖಾದಿ ಆಯೋಗ 1960ರ ದಶಕದಿಂದ ಹರಡುತ್ತ ಬಂದಿದ್ದ ವಿನ್ಯಾಸದಲ್ಲಿ ಆಳದ ಬಾವಿಯಂಥ ತೊಟ್ಟಿ, ಅದರ ಮೇಲೆ ತೇಲುವ ಉಕ್ಕಿನ ಡ್ರಮ್ಮು. ಪಿ. ರಾಜಬಾಪಯ್ಯ, ಡಿ. ಕೆ. ಸುಬ್ರಮಣಿಯನ್ ಮುಂತಾದವರು ರೆಡ್ಡಿಯವರೊಂದಿಗೆ ಇದನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ತೊಟ್ಟಿಯನ್ನು ಅಗಲ ಮಾಡಿ ಆಳ ತಗ್ಗಿಸಿದರೆ ಅನಿಲ ಕಡಿಮೆಯಾಗುವುದಿಲ್ಲ, ಖರ್ಚು ಮಾತ್ರ ಗಣನೀಯವಾಗಿ ಇಳಿಯುತ್ತದೆ ಎಂದು ಕಂಡುಬಂತು. ಬಿಸಿಲಿಗೆ ಕಾದ ನೀರಲ್ಲಿ ಸಗಣಿ ಕದಡಿದರೆ ಬಗ್ಗಡ ಬೆಚ್ಚಗಿದ್ದು ಹೆಚ್ಚು ಅನಿಲ ಬರುತ್ತದೆ ಎಂದು ಡ್ರಮ್ಮಿನ ನೆತ್ತಿಯ ಮೇಲೆಯೇ ಸೌರ ನೀರುಕಾಯಕವನ್ನು ಕೂರಿಸಿಯೂ ನೋಡಿದರು. 1979 ಮತ್ತು 1980ರ ಸುಮಾರಿಗೆ ಇವೆಲ್ಲ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಸಾಲಾಗಿ ಪ್ರಕಟವಾದವು.

ಪುರದಲ್ಲಿ ಮೊದಲ ಯೋಜನೆ ಸರಳವಾಗಿತ್ತು. ಊರಿಗೆಲ್ಲ ಒಂದು ಸ್ಥಾವರ ಕಟ್ಟಿ, ಕೊಳವೆಯಲ್ಲಿ ಮನೆಮನೆಗೆ ಅಡುಗೆ ಅನಿಲ ಕೊಡುವುದು, ಹೆಂಗಸರನ್ನು ಹೊಗೆಯಿಂದಲೂ ಸೌದೆಯಿಂದಲೂ ಬಿಡಿಸುವುದು. ಅದು ನಡೆಯಲಿಲ್ಲ. ದನಗಳು ಹಗಲೆಲ್ಲ ಮೇಯಲು ಹೊರಗಿರುತ್ತವೆ, ಆ ಸಗಣಿ ಕೊಟ್ಟಿಗೆಗೆ ಬರುವುದಿಲ್ಲ. ಬಂದಷ್ಟರಿಂದ ಊರಿನ ಎಲ್ಲ ಮನೆಗಳ ಎರಡು ಹೊತ್ತಿನ ಅಡುಗೆ ಪೂರ್ತಿ ಆಗದು. ಅರ್ಧ ಅಡುಗೆಗಷ್ಟೇ ಸಾಲುವ ಅನಿಲ ಬಂದರೆ ಸೌದೆ ತರುವುದು ತಪ್ಪುವುದಿಲ್ಲ. ತಪ್ಪದ ಮೇಲೆ ದಿನಾ ಸಗಣಿ ಹೊತ್ತು ತರಲು ಹೆಂಗಸರಿಗೆ ಕಾರಣವೂ ಉಳಿಯುವುದಿಲ್ಲ. ಉತ್ಸಾಹ ಇಳಿಯಿತು. ಬೇರೆ ಕಡೆಯ ಎಷ್ಟೋ ಸಮುದಾಯ ಸ್ಥಾವರಗಳು ಇದೇ ಘಟ್ಟದಲ್ಲಿ ತುಕ್ಕು ಹಿಡಿದವು. ಹಳ್ಳಿಗರ ಅಜ್ಞಾನ ಎಂದು ವರದಿ ಬರೆದು ಕೈತೊಳೆದುಕೊಳ್ಳುವುದು ವಾಡಿಕೆಯಾಗಿತ್ತು.

ಪುರದಲ್ಲಿ ಹಾಗಾಗಲಿಲ್ಲ. ಊರವರಿಗೆ ನಿಜಕ್ಕೂ ಬೇಕಾದ್ದೇನು ಎಂಬ ಮಾತುಕತೆ ಮತ್ತೆ ನಡೆಯಿತು. ನೀರು ಎಂದರು. ಕುಡಿಯುವ ನೀರಿಗಾಗಿ ದೂರ ಹೋಗಬೇಕಿತ್ತು, ಆ ನೀರೂ ಚೊಕ್ಕವಿರಲಿಲ್ಲ. ಅನಿಲವನ್ನು ಒಲೆಗೆ ಕೊಡುವ ಬದಲು ಎಂಜಿನ್ನಿಗೆ ಕೊಟ್ಟರೆ ಅಷ್ಟೇ ಸಗಣಿಯಲ್ಲಿ ಊರಿಗೆಲ್ಲ ಸಾಲುವಷ್ಟು ನೀರೆತ್ತಬಹುದು, ದೀಪವನ್ನೂ ಉರಿಸಬಹುದು ಎಂದು ಲೆಕ್ಕ ಹೇಳಿತು. 1987ರಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ಅನಿಲದೊಡನೆ ಸ್ವಲ್ಪ ಡೀಸೆಲ್ ಬೆರೆತು ಓಡುವ ಎಂಜಿನ್, ಅದಕ್ಕೆ ಜೋಡಿಸಿದ ಸುಮಾರು ಐದು ಕಿಲೋವ್ಯಾಟಿನ ಜನರೇಟರು, ಕೊಳವೆ ಬಾವಿಯ ಪಂಪು, ಬೀದಿಯಲ್ಲಿ ನಲ್ಲಿ, ಮನೆಗಳಲ್ಲಿ ಟ್ಯೂಬ್‌ಲೈಟು. ಊರಿಗೆ ಸರ್ಕಾರಿ ಕರೆಂಟು ಮೊದಲೇ ಬಂದಿತ್ತು, ಆದರೆ ವೋಲ್ಟೇಜು ಎಷ್ಟು ಕಡಿಮೆಯೆಂದರೆ ಸಗಣಿಯ ದೀಪವೇ ಅದಕ್ಕಿಂತ ಹೆಚ್ಚು ಬೆಳಕು ಕೊಡುತ್ತಿತ್ತು.

ಯಂತ್ರದಷ್ಟೇ ಜಾಣತನ ವ್ಯವಹಾರದ ಏರ್ಪಾಡಿನಲ್ಲಿತ್ತು. ಸಗಣಿ ತಂದವರಿಗೆ ತೂಕದ ಮೇಲೆ ದುಡ್ಡು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಸಗಣಿ ಕೊಟ್ಟವರಿಗೇ ವಾಪಸು, ಅದು ಹಸಿ ಸಗಣಿಗಿಂತ ಒಳ್ಳೆಯ ಗೊಬ್ಬರ. ತಂದುಕೊಡುವವರು ಹೆಚ್ಚಾಗಿ ಹೆಂಗಸರು ಮಕ್ಕಳಾದ್ದರಿಂದ ದುಡ್ಡು ಅವರ ಕೈಗೇ ಸೇರುತ್ತಿತ್ತು. ದೀಪಕ್ಕೆ, ನೀರಿಗೆ ಮನೆಗಳಿಂದ ತಿಂಗಳ ಶುಲ್ಕ. ಸ್ಥಾವರ ನಡೆಸಿದವರು ಊರ ಹುಡುಗರು, ಲೆಕ್ಕ ನೋಡಿದ್ದು ಗ್ರಾಮ ವಿಕಾಸ ಸಭೆ. ಒಬ್ಬೊಬ್ಬರ ಲಾಭ ಎಲ್ಲರ ಲಾಭದ ಜೊತೆ ಹೊಂದಿಕೊಳ್ಳುವಂತೆ ಕಟ್ಟಿದ ಈ ಏರ್ಪಾಡನ್ನು ರೆಡ್ಡಿ ಮುಂದೆ ಸಾರ್ವಜನಿಕ ಸಂಪತ್ತಿನ ನಿರ್ವಹಣೆಯ ಉದಾಹರಣೆಯಾಗಿ ಅನೇಕ ಕಡೆ ವಿವರಿಸಿದರು. ರಾಜಬಾಪಯ್ಯ, ಎಸ್. ಜಯಕುಮಾರ್ ಮತ್ತು ರೆಡ್ಡಿ ಬರೆದ ಪುರದ ವೃತ್ತಾಂತ 1993ರಲ್ಲಿ ನವೀಕರಿಸಬಲ್ಲ ಶಕ್ತಿ ಕುರಿತ ಅಂತರರಾಷ್ಟ್ರೀಯ ಗ್ರಂಥವೊಂದರಲ್ಲಿ ಸೇರಿತು.

ಅಸ್ತ್ರದ ಹೆಸರು ಕರ್ನಾಟಕದ ಮನೆಮನೆಗೆ ತಲುಪಿದ್ದು ಮಾತ್ರ ಒಲೆಯಿಂದ. ಮೂರು ಕಲ್ಲಿನ ಅಥವಾ ಮಣ್ಣಿನ ಹಳೆಯ ಒಲೆಯಲ್ಲಿ ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ ಹತ್ತರಷ್ಟು. ಉಳಿದದ್ದು ಗಾಳಿಗೆ, ಗೋಡೆಗೆ, ಅಡುಗೆ ಮಾಡುವವರ ಮೈಗೆ. ಎಸ್. ಎಸ್. ಲೋಕರಸ್, ಕೆ. ಎಸ್. ಜಗದೀಶ್, ಸ್ವಾತಿ ಭೋಗ್ಲೆ ಮೊದಲಾದವರು 1980ರ ದಶಕದ ಮೊದಲಲ್ಲಿ ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಸಾಲಾಗಿ ಮೂರು ಕುಳಿಗಳು. ಸೌದೆ ಉರಿಯುವ ಗೂಡು ಮುಚ್ಚಿದ್ದು, ಅದರ ತಳದಲ್ಲಿ ಗಾಳಿಯಾಡಲು ಕಬ್ಬಿಣದ ಜಾಲರಿ. ಬಿಸಿಗಾಳಿ ಮೊದಲ ಪಾತ್ರೆಯ ಅಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿದು ಕೊನೆಗೆ ಹೊಗೆಕೊಳವೆಯಿಂದ ಮಾಡಿನಾಚೆ ಹೋಗುತ್ತದೆ. ಮುಂದಿನ ಕುಳಿಯಲ್ಲಿ ಮುದ್ದೆಯ ಎಸರು, ನಡುವೆ ಸಾರು, ಹಿಂದೆ ನೀರು. ಪ್ರಯೋಗಾಲಯದಲ್ಲಿ ಇದರ ದಕ್ಷತೆ ನೂರಕ್ಕೆ ನಲವತ್ತರ ಆಸುಪಾಸು ಮುಟ್ಟಿತು. ಅದಕ್ಕಿಂತ ಮಿಗಿಲಾಗಿ ಅಡುಗೆಮನೆಯ ಹೊಗೆ ಹೋಯಿತು, ಪಾತ್ರೆಯ ಮಸಿ ಕಡಿಮೆಯಾಯಿತು. ಹೆಂಗಸರು ಮೆಚ್ಚಿದ್ದು ಇವನ್ನೇ, ಉಳಿದ ಸೌದೆಯನ್ನಲ್ಲ.

ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೈಗೆತ್ತಿಕೊಂಡಾಗ ಕರ್ನಾಟಕದಲ್ಲಿ ಹರಡಿದ್ದು ಇದೇ ಒಲೆ. ಮುಂದೆ ಇನ್ನೂ ಸರಳಗೊಳಿಸಿದ ‘ಸರಳ ಒಲೆ’ಯೂ ಬಂತು. ಅಸ್ತ್ರ ಒಲೆಯ ಗುಣವೆಲ್ಲ ಅಳತೆಯಲ್ಲಿದೆ. ಗೂಡು ಎರಡು ಬೆರಳು ದೊಡ್ಡದಾದರೆ, ಪಾತ್ರೆ ಕುಳಿಯಲ್ಲಿ ಸರಿಯಾಗಿ ಕೂರದಿದ್ದರೆ, ಕೊಳವೆಯ ಮಸಿ ತೆಗೆಯದಿದ್ದರೆ ಅದು ಹಳೆಯ ಒಲೆಯ ಮಟ್ಟಕ್ಕೇ ಇಳಿಯುತ್ತದೆ. ಅಸ್ತ್ರದವರು ಅಚ್ಚು ಕೊಟ್ಟು, ಕಟ್ಟುವವರಿಗೆ ತರಬೇತಿ ಕೊಟ್ಟರು. ಸರ್ಕಾರಿ ಕಾರ್ಯಕ್ರಮಕ್ಕೆ ಬೇಕಿದ್ದದ್ದು ಗುರಿಯ ಸಂಖ್ಯೆ. ಎಷ್ಟು ಒಲೆ ಕಟ್ಟಿದರು ಎಂಬುದು ಕಡತಕ್ಕೆ ಹೋಯಿತು, ಎಷ್ಟು ಉರಿಯುತ್ತಿವೆ ಎಂಬುದಕ್ಕೆ ಅಂಥ ಬೆಲೆ ಇರಲಿಲ್ಲ. ಸೌದೆಯನ್ನು ಸಣ್ಣಗೆ ಸೀಳಿ ಹಾಕಬೇಕೆಂಬ ಕರಾರೂ ಮನೆಯವರಿಗೆ ಒಂದು ಹೊಸ ಕೆಲಸವೇ ಆಯಿತು. ಕಾರ್ಯಕ್ರಮ 2002ರಲ್ಲಿ ಮುಗಿಯಿತು. ಅಷ್ಟರೊಳಗೆ ಸ್ವಾತಿ ಭೋಗ್ಲೆಯಂಥವರು 1993ರಲ್ಲಿ ಹುಟ್ಟಿದ ‘ಟೈಡ್’ ಸಂಸ್ಥೆಯ ಮೂಲಕ ಸಣ್ಣ ಉದ್ದಿಮೆಗಳ ಒಲೆಗಳತ್ತ ತಿರುಗಿದ್ದರು. ಅಲ್ಲಿ ಸೌದೆ ದುಡ್ಡು ಕೊಟ್ಟು ತರುವ ವಸ್ತು, ಉಳಿತಾಯ ಲೆಕ್ಕಪುಸ್ತಕದಲ್ಲೇ ಕಾಣುತ್ತದೆ.

ಸೌದೆಯಿಂದಲೇ ಕರೆಂಟು ತೆಗೆಯುವ ಪ್ರಯತ್ನವೂ ಇದೇ ತುಮಕೂರು ಜಿಲ್ಲೆಯಲ್ಲಿ ನಡೆಯಿತು. ಎಚ್. ಎಸ್. ಮುಕುಂದ ಅವರ ದಹನ ಪ್ರಯೋಗಾಲಯ ರೂಪಿಸಿದ, ಸೌದೆಯನ್ನು ಉರಿಯುವ ಅನಿಲವಾಗಿಸುವ ಗ್ಯಾಸಿಫೈಯರನ್ನು 1988ರಲ್ಲಿ ಹೊಸಹಳ್ಳಿ ಎಂಬ ಕರೆಂಟಿಲ್ಲದ ಪುಟ್ಟ ಊರಿನಲ್ಲಿ ಕೂರಿಸಿದರು. ನಾಲ್ಕು ಕಿಲೋವ್ಯಾಟಿಗೂ ಕಡಿಮೆ ಸಾಮರ್ಥ್ಯದಿಂದ ಶುರುವಾಗಿ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿವರೆಗೆ ಅದು ಬೆಳೆಯಿತು. ಸೌದೆಗೆಂದು ಊರ ಬಳಿಯೇ ನೆಡುತೋಪು ಬೆಳೆಸಲಾಯಿತು. ಮುಂದೆ ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ ವಿಶ್ವಸಂಸ್ಥೆಯ ನೆರವಿನ ಯೋಜನೆಯಡಿ ಇನ್ನೂ ದೊಡ್ಡ ಗ್ಯಾಸಿಫೈಯರುಗಳು ವಿದ್ಯುತ್ ಜಾಲಕ್ಕೇ ಕರೆಂಟು ಕೊಟ್ಟವು. ಇವೆಲ್ಲಕ್ಕೂ ಒಂದೇ ತೊಡಕು. ಸರ್ಕಾರದ ಕರೆಂಟು ಸಬ್ಸಿಡಿಯಲ್ಲಿ ಬರುವಾಗ ಊರ ಕರೆಂಟು ತನ್ನ ನಿಜವಾದ ಖರ್ಚನ್ನು ಕೇಳಬೇಕಾಗುತ್ತದೆ. ತಂತ್ರಜ್ಞಾನ ಸೋಲದೆಯೂ ಯೋಜನೆ ಸೋಲುವುದು ಹೀಗೆ.

ಮಣ್ಣಿನ ಇಟ್ಟಿಗೆಯ ಕಥೆ ಬೇರೆ ದಾರಿ ಹಿಡಿಯಿತು. ಜಗದೀಶ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿ ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು ಸೇರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅದುಮಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕ್ರಮವನ್ನು ಪರಿಷ್ಕರಿಸಿದರು. 2003ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ ಇದಕ್ಕೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯ ಕಾಲುಭಾಗದಷ್ಟು. ಇಂಥ ಸಾಮಗ್ರಿಯಲ್ಲಿ ಕಟ್ಟಿದ ಮನೆಗೆ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕಿಂತ ನೂರಕ್ಕೆ 62ರಷ್ಟು ಕಡಿಮೆ ಶಕ್ತಿ ಸಾಕು. ಹಳ್ಳಿಯ ಬಡವರ ಮನೆಗೆಂದು ಹೊರಟದ್ದು ಬೆಂಗಳೂರಿನ ಅನುಕೂಲಸ್ಥರ, ಪರಿಸರಪ್ರಿಯರ ಮನೆಗಳಲ್ಲಿ ಹೆಚ್ಚು ನೆಲೆಯಾಯಿತು. ಮಣ್ಣಿನ ಗೋಡೆಯಿಂದ ಈಗಷ್ಟೇ ಬಿಡುಗಡೆ ಬಯಸಿದ ಹಳ್ಳಿಯವರಿಗೆ ಸಿಮೆಂಟಿನ ಮನೆಯೇ ಗೌರವದ ಗುರುತು. ಇದನ್ನು ತಪ್ಪೆನ್ನಲು ನಗರದವರಿಗೆ ಅಷ್ಟೇನೂ ಅಧಿಕಾರವಿಲ್ಲ.

ಒಲೆಯಿಂದ ಕಲಿತ ಎಣಿಕೆಯ ಕ್ರಮವನ್ನು ರೆಡ್ಡಿ ಕೊನೆಗೆ ಇಡೀ ರಾಜ್ಯಕ್ಕೆ ಹಚ್ಚಿದರು. 1987ರಲ್ಲಿ ಸರ್ಕಾರದ ಸಮಿತಿಯೊಂದು 2000ದ ಹೊತ್ತಿಗೆ ಕರ್ನಾಟಕಕ್ಕೆ 9,400 ಮೆಗಾವ್ಯಾಟ್ ಬೇಕಾದೀತೆಂದು ಅಂದಾಜಿಸಿತ್ತು. ಹಿಂದಿನ ಏರಿಕೆಯ ಗೆರೆಯನ್ನೇ ಮುಂದಕ್ಕೆ ಎಳೆಯುವ ಬದಲು ಎಷ್ಟು ದೀಪ, ಎಷ್ಟು ಪಂಪು, ಎಷ್ಟು ನೀರುಕಾಯಕ, ಪ್ರತಿಯೊಂದಕ್ಕೆ ಎಷ್ಟು ಕರೆಂಟು ಸಾಕು ಎಂದು ಕೆಳಗಿನಿಂದ ಕೂಡುತ್ತ ಬಂದ ರೆಡ್ಡಿ ಮತ್ತು ಸಂಗಡಿಗರ 1991ರ ಲೆಕ್ಕಕ್ಕೆ ಸಿಕ್ಕಿದ್ದು 4,000 ಮೆಗಾವ್ಯಾಟ್. ಅದರಲ್ಲಿ ಕರೆಂಟಿಲ್ಲದ ಮನೆಗಳಿಗೆಲ್ಲ ದೀಪ ಕೊಡುವುದೂ ಸೇರಿತ್ತು. ಕೈಗಾ ಪರಮಾಣು ಸ್ಥಾವರದ ವಿವಾದ ಬಿಸಿಯಾಗಿದ್ದ ಕಾಲದಲ್ಲಿ ಈ ಲೆಕ್ಕ ರಾಜಕೀಯ ವಾದವೂ ಆಯಿತು. ಸರ್ಕಾರ ಅದನ್ನು ಯೋಜನೆಯಾಗಿ ಸ್ವೀಕರಿಸಲಿಲ್ಲ. ಬೇಡಿಕೆಯನ್ನು ಬಳಕೆಯ ಕಡೆಯಿಂದ ಎಣಿಸುವ ಕ್ರಮ ಮಾತ್ರ ಇಂದು ಶಕ್ತಿ ಯೋಜನೆಯ ಸಾಮಾನ್ಯ ಪಾಠ.

ರೆಡ್ಡಿ 2006ರ ಮೇ 7ರಂದು ತೀರಿಕೊಂಡರು. ಅಸ್ತ್ರ ಅದಕ್ಕೂ ಮೊದಲೇ ಹೆಸರು ಬದಲಿಸಿಕೊಂಡಿತ್ತು. ಈಗ ಅದು ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರ. ಊರಿನ ಸಗಣಿ ಊರಿನ ಅಡುಗೆಗೆ ಸಾಲದು ಎಂದು ಪುರ ತೋರಿಸಿದ ಮೇಲೆ ಎಚ್. ಎನ್. ಚಾಣಕ್ಯ ಮತ್ತು ಜೊತೆಗಾರರು ಸೊಪ್ಪು, ಕಳೆ, ಎಲೆಕಸಗಳಿಂದ ಅನಿಲ ತೆಗೆಯುವ ಸ್ಥಾವರಗಳತ್ತ ಹೊರಳಿದರು. ಆ ಕೆಲಸ ಅಲ್ಲಿಂದ ಕಾಫಿ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆನೀರಿಗೆ, ಬೆಂಗಳೂರಿನ ಹಸಿಕಸಕ್ಕೆ ಮುಂದುವರಿಯಿತು.